ಕ್ಯಾಪ್ಟನ್ ಬೂದೆಪ್ಪನ ಒಂದೇ ಮೀನು

ಚೀಕಲಪರ್ವಿಯ ಹೊಳೆದಂಡೆಯಲ್ಲಿ ತೆಪ್ಪ ಹಾಕುವವರು ಹಲವರಿದ್ದರೂ ‘ಕ್ಯಾಪ್ಟನ್’ ಎನ್ನಿಸಿಕೊಂಡವನು ಬೂದೆಪ್ಪ ಒಬ್ಬನೇ. ಆ ಬಿರುದನ್ನು ಅವನಿಗೆ ಯಾರೂ ಕೊಟ್ಟದ್ದಲ್ಲ. ಮಾನ್ವಿಯಿಂದ ಬೋರ್ಡು ಬರೆಯುವವನನ್ನು ಕರೆಸಿ ತೆಪ್ಪದ ಒಳಮೈಗೆ ಫೋನ್ ನಂಬರು ಬರೆಸುವಾಗ ಒಂದಿಷ್ಟು ಜಾಗ ಉಳಿಯಿತು, ಹೆಸರಿನ ಹಿಂದೆ ಸೇರಿಸಿಕೊಂಡ, ಅಷ್ಟೇ.

ಮೂಲತಃ ಅವನು ದೇವದುರ್ಗದ ಕಡೆಯ ಅರಕೇರಾದವನು. ಮೀಸೆ ಬರುವವರೆಗೆ ಅವನು ಕಂಡ ಅತಿದೊಡ್ಡ ಜಲರಾಶಿಯೆಂದರೆ ಪಂಚಾಯಿತಿಯ ನೀರಿನ ಟ್ಯಾಂಕು. ಮನೆಯಳಿಯನಾಗಿ ಚೀಕಲಪರ್ವಿಗೆ ಬಂದಾಗ ಮಾವ ಅವನಿಗೆ ಒಂದು ತೆಪ್ಪ, ಒಂದು ಹುಟ್ಟು ಮತ್ತು ಮಗಳು ಹಣಮಮ್ಮನನ್ನು ಕೊಟ್ಟ. ಮೂರರಲ್ಲಿ ಯಾವುದೂ ಅವನು ಹೇಳಿದ ದಿಕ್ಕಿಗೆ ಹೋಗುತ್ತಿರಲಿಲ್ಲ. ತೆಪ್ಪವನ್ನೂ ಹುಟ್ಟನ್ನೂ ಹೇಗೋ ಪಳಗಿಸಿದ.

ಈಜು ಮಾತ್ರ ಬರಲಿಲ್ಲ. ತೆಪ್ಪ ಹತ್ತುವಾಗೆಲ್ಲ ಸೊಂಟಕ್ಕೆ ಬಾಯಿ ಬಿಗಿದ ಒಂದು ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಳ್ಳುತ್ತಿದ್ದ. ಯಾರಾದರೂ ಕೇಳಿದರೆ, “ಗಾಳದ ಹಿಟ್ಟು ಇಡಾಕ ಬೇಕಾಗ್ತದ್ರೀ” ಎನ್ನುತ್ತಿದ್ದ. ಹಣಮಮ್ಮನಾದರೋ ತುಂಗಭದ್ರೆಯಲ್ಲಿ ಆಡಿ ಬೆಳೆದವಳು. ಗಂಡ ಕ್ಯಾನು ಬಿಗಿಯುವುದನ್ನು ನೋಡಿದಾಗೆಲ್ಲ, “ಬಿಗಿ ಕಟ್ಟು ಕ್ಯಾಪ್ಟನಾ, ಹೊಳಿ ಮೊಣಕಾಲಿನತನ ಬಂದಾದ” ಎಂದು ದಂಡೆಯಿಂದಲೇ ಕೂಗುತ್ತಿದ್ದಳು.

ಇಂಥ ಬೂದೆಪ್ಪನ ಸಂಸಾರ ನಡೆಯುತ್ತಿದ್ದದ್ದು ಭಾನುವಾರಗಳ ಮೇಲೆ. ರಾಯಚೂರಿನ ಕೆಲವು ದೊಡ್ಡ ಮನುಷ್ಯರಿಗೆ ಗಾಳ ಹಾಕುವ ಹುಚ್ಚು ಹಿಡಿದಿತ್ತು. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಬಂದು, ಬೂದೆಪ್ಪನ ತೆಪ್ಪ ಬಾಡಿಗೆಗೆ ಹಿಡಿದು, ಸಂಜೆಯವರೆಗೆ ಮಡುವಿನಲ್ಲಿ ಕೂತು, ಹೊತ್ತು ಮುಳುಗುವಾಗ ನಿಸರ್ಗದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಹೋಗುತ್ತಿದ್ದರು. ಅವರದೊಂದು ಸಂಘವಿತ್ತು: ‘ರಾಯಚೂರು ಮಹಾನಗರ ಗಾಳ ವಿಹಾರ ಹಾಗೂ ಮತ್ಸ್ಯಸಂಪತ್ತು ಸಂರಕ್ಷಣಾ ವೇದಿಕೆ’. ಈ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವರು ಹತ್ತಿ ದಲಾಲಿ ಅಂಗಡಿಯ ಚನ್ನವೀರ ಸಾಹುಕಾರರೊಬ್ಬರೇ. ಹಾಗಾಗಿ ಅವರೇ ಅಧ್ಯಕ್ಷರು. ಸಾಹುಕಾರರ ಬಳಿ ಮಡಚಿದರೆ ಛತ್ರಿಯಷ್ಟಾಗುವ ವಿದೇಶಿ ಗಾಳದ ಕೋಲಿತ್ತು. ಮೈತುಂಬ ಜೇಬಿರುವ ಅಂಗಿಯಿತ್ತು. ಅಷ್ಟೂ ಜೇಬುಗಳಲ್ಲಿ ಬಳಕೆಯಲ್ಲಿದ್ದದ್ದು ಎಲೆಅಡಿಕೆಯದೊಂದೇ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲೊಂದು ಇಲ್ಲೊಂದು ಮಡು ಉಳಿಯಿತು. ಮೀನುಗಳೆಲ್ಲ ಮಡುಗಳಲ್ಲಿ ಗುಂಪುಗೂಡಿದವು. ಜನ ಬಲೆ ತಂದು ಅವನ್ನು ಸಂತೆಯಲ್ಲಿ ತರಕಾರಿ ತುಂಬಿದಂತೆ ಚೀಲಕ್ಕೆ ತುಂಬಿಕೊಂಡು ಹೋದರು. ಮುಂದಿನ ವರ್ಷ ನೀರು ಬಂತು, ಮೀನು ಬರಲಿಲ್ಲ. ಆಗ ಮೀನುಗಾರಿಕೆ ಇಲಾಖೆಯ ವಿಶಾಖಾ ಮೇಡಮ್ ಊರವರನ್ನು ಕೂಡಿಸಿ ಒಂದು ಕಟ್ಟಳೆ ಮಾಡಿದರು. ಮಡುಗಳಲ್ಲಿ ಬಲೆ ಬೇಡ, ಗಾಳ ಮಾತ್ರ. ಒಬ್ಬರಿಗೆ ದಿನಕ್ಕೆ ಒಂದೇ ಮೀನು. ಗೇಣಿಗಿಂತ ಚಿಕ್ಕದು ಸಿಕ್ಕರೆ ವಾಪಸ್ ನೀರಿಗೆ. ಮೊಳಕ್ಕಿಂತ ದೊಡ್ಡದು ಸಿಕ್ಕರೂ ವಾಪಸ್, ಯಾಕೆಂದರೆ ಅದು ಮೊಟ್ಟೆ ಇಡುವ ತಾಯಿ. ಬೇಕಾದರೆ ಒಂದು ಫೋಟೊ ತೆಗೆದುಕೊಳ್ಳಬಹುದು. ಕಟ್ಟಳೆ ಮುರಿದ ತೆಪ್ಪದವನ ಪರವಾನಗಿ ರದ್ದು.

ಕಟ್ಟಳೆಯನ್ನು ಸ್ವಾಗತಿಸಿ ಚನ್ನವೀರ ಸಾಹುಕಾರರು ಭಾಷಣ ಮಾಡಿದರು. ಮುಂದಿನ ಪೀಳಿಗೆ ಎಂಬ ಮಾತು ಬಂದಲ್ಲಿ ಅವರ ಕಣ್ಣು ತೇವವಾಯಿತು. ಮರುಭಾನುವಾರ ತೆಪ್ಪದಲ್ಲಿ ಕೂತು ದಂಡೆ ದೂರವಾದ ಮೇಲೆ ಕೇಳಿದರು:

“ಬೂದೆಪ್ಪಾ, ಆ ಕಟ್ಟಳಿ ಸಾರ್ವಜನಿಕರಿಗಲ್ಲಾ?”

“ಎಲ್ಲಾರಿಗೂ ಅಂತ್ರಿ ಸಾಹುಕಾರ್ರ.”

“ಹಂಗಲ್ಲೋ, ಸಂರಕ್ಷಣಾ ಮಾಡವ್ರಿಗೂ ಏನು?”

ಆ ವರ್ಷ ಸಂರಕ್ಷಣೆ ಮಾಡುವವರಿಗೆ ಸಿಕ್ಕದ್ದೆಲ್ಲ ಗೇಣಿಗಿಂತ ಚಿಕ್ಕವೇ. ಒಬ್ಬೊಬ್ಬರೇ ಬರುವುದು ಬಿಟ್ಟರು. ವೇದಿಕೆಯ ಕಾರ್ಯದರ್ಶಿ, ಹಲ್ಲಿನ ಡಾಕ್ಟರು ಪರ್ವೇಜ್ ಸಾಹೇಬರು ಕೊನೆಯ ಬಾರಿ ಕೋಲು ಮಡಚುತ್ತ ಹೇಳಿದರು: “ಅರೇ ಬೂದೆಪ್ಪಾ, ದಿನಾಪೂರ್ತಿ ಬಿಸಿಲಾಗ ಕುಂತು ಇಷ್ಟಽ ಮೀನಾ? ಇದಕ್ಕಿಂತ ದೊಡ್ಡ ಹಲ್ಲು ಕಿತ್ತೀನಿ ನಾ.”

ಭಾನುವಾರಗಳು ಖಾಲಿಯಾದವು. ಕ್ಯಾಪ್ಟನ್ ದಂಡೆಯಲ್ಲಿ ತೆಪ್ಪ ಬೋರಲು ಹಾಕಿ ಅದರ ನೆರಳಲ್ಲಿ ಮಲಗತೊಡಗಿದ.

ಚಳಿಗಾಲದ ಒಂದು ಬೆಳಿಗ್ಗೆ ಹಣಮಮ್ಮ ಹೊಳೆಯಿಂದ ಕೂಗಿದಳು. ಬಂಡೆಯ ಹಿಂದೆ ಅವಳು ಹಾಕಿದ್ದ ಗಾಳಕ್ಕೆ ಒಂದು ರೋಹು ಸಿಕ್ಕಿತ್ತು. ಮೊಳಕ್ಕಿಂತಲೂ ಎಷ್ಟೋ ಉದ್ದ, ತೊಡೆಯಷ್ಟು ದಪ್ಪ. ಬೂದೆಪ್ಪ ಕ್ಯಾನು ಕಟ್ಟಿಕೊಂಡು ಬರುವಷ್ಟರಲ್ಲಿ ಅವಳು ಅದನ್ನು ನೀರಿನಲ್ಲೇ ತೊಡೆಯ ಮೇಲಿಟ್ಟುಕೊಂಡು, ಹಣೆಗೆ ಕುಂಕುಮ ಹಚ್ಚಿ, ಬಾಲದ ಬುಡಕ್ಕೆ ಅರಿಶಿನದ ದಾರ ಕಟ್ಟುತ್ತಿದ್ದಳು. ಅವಳ ತವರಿನ ರೂಢಿ ಅದು. ತಾಯಿಮೀನು ಕೈಗೆ ಬಂದರೆ ಬಸುರಿಗೆ ಉಡಿ ತುಂಬುವ ಹಾಗೆ ನಾಲ್ಕು ಅಕ್ಕಿಕಾಳು ಹಾಕಿ, ದಾರ ಕಟ್ಟಿ, ‘ಹೋಗಿ ಬಾರವ್ವಾ, ಮಕ್ಕಳನ್ನ ಕರಕೊಂಡು ಬಾ’ ಎಂದು ಬಿಡಬೇಕು.

“ತಡಿ ಬೇ, ಬಿಡಬ್ಯಾಡ” ಎಂದ ಬೂದೆಪ್ಪ.

“ದಾರ ಕಟ್ಟೀನಿ. ದಾರ ಕಟ್ಟಿದಮ್ಯಾಲ ಬಿಡದಿದ್ರ ಗಂಗವ್ವ ಸಿಟ್ಟಾಗ್ತಾಳ.”

“ಬಿಡೋಣಂತ, ಯಾರ್ ಬ್ಯಾಡಂದ್ರು? ಈ ಐತವಾರ ಒಂದ್ ಆಗ್ಲಿ. ಚನ್ನವೀರ ಸಾಹುಕಾರ್ರು ಹಿಡದು ಬಿಟ್ಟಂಗ ಆಗ್ಲಿ. ಕಟ್ಟಳಿನೂ ಉಳೀತದ, ಮನಿನೂ ನಡೀತದ.”

ಆ ಒಂದು ಭಾನುವಾರ ಐದು ತಿಂಗಳು ನಡೆಯಿತು.

ಏರ್ಪಾಡು ಸರಳವಾಗಿತ್ತು. ಬಂಡೆಯ ಹಿಂದೆ ನೀರಿನೊಳಗೆ ಮಾವನ ಕಾಲದ ದೊಡ್ಡ ಬಿದಿರಿನ ಪಂಜರ. ಅದರಲ್ಲಿ ರೋಹು, ಅದಕ್ಕೆ ದಿನಾ ಶೇಂಗಾ ಹಿಂಡಿಯ ಊಟ. ತೆಪ್ಪ ಬಂಡೆಯ ಈಚೆ ನಿಲ್ಲುತ್ತಿತ್ತು. ಆಚೆ ಹಣಮಮ್ಮ ಬಟ್ಟೆ ಒಗೆಯುತ್ತಿದ್ದಳು. ಸಾಹೇಬರು ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತ ಮೈಮರೆತಾಗ ಬೂದೆಪ್ಪ ಎರಡು ಸಲ ಕೆಮ್ಮುತ್ತಿದ್ದ. ಬಟ್ಟೆ ಕುಕ್ಕುವ ಸದ್ದು ನಿಲ್ಲುತ್ತಿತ್ತು. ತುಸು ಹೊತ್ತಿಗೆ ಗಾಳದ ಕೋಲು ಬಿಲ್ಲಿನಂತೆ ಬಾಗುತ್ತಿತ್ತು.

“ಜಗ್ರೀ ಸಾಹೇಬ್ರ! ಬಿಡಬ್ಯಾಡ್ರಿ! ಎಂಥಾ ತಾಕತ್ತು ನಿಮ್ಮ ತೋಳಾಗ!”

ಮೀನು ಮೇಲೆ ಬಂದ ಮೇಲೆ ಫೋಟೊ. ಫೋಟೊ ಆದ ಮೇಲೆ ಬೂದೆಪ್ಪ ಅದನ್ನು ಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದು, “ನೀವು ಚಾ ಕುಡೀರಿ, ನಾ ಪದ್ಧತಿ ಪ್ರಕಾರ ಬಿಟ್ಟು ಬರ್ತೀನಿ” ಎಂದು ಬಂಡೆಯ ಹಿಂದೆ ಹೋಗುತ್ತಿದ್ದ. ಮೊದಮೊದಲು ಒದ್ದಾಡುತ್ತಿದ್ದ ರೋಹು ಆಮೇಲಾಮೇಲೆ ಫೋಟೊಕ್ಕೆ ತಾನೇ ಸುಮ್ಮನಿರುವುದನ್ನು ಕಲಿಯಿತು.

ದಾರ ಏನೆಂದು ಮೊದಲು ಕೇಳಿದವರು ಚನ್ನವೀರ ಸಾಹುಕಾರರು. ಬೂದೆಪ್ಪ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. “ಎಲ್ಲಾ ಮೀನಿಗೂ ಇರಂಗಿಲ್ಲರೀ ಅದು. ಗಂಗವ್ವ ಮನುಷ್ಯಾನ ನೋಡಿ ಕೊಡ್ತಾಳ. ಯಾರ ಮುಂದನೂ ಹೇಳಬ್ಯಾಡ್ರಿ.” ಸಾಹುಕಾರರು ಯಾರ ಮುಂದೆಯೂ ಹೇಳಲಿಲ್ಲ. ಪರ್ವೇಜ್ ಸಾಹೇಬರಿಗೂ ಬೂದೆಪ್ಪ ಅದನ್ನೇ ಹೇಳಿದ. ಅವರೂ ಯಾರ ಮುಂದೆಯೂ ಹೇಳಲಿಲ್ಲ. ವೇದಿಕೆಯ ಪ್ರತಿಯೊಬ್ಬ ಸದಸ್ಯರೂ ಹೀಗೆ ಗಂಗವ್ವನ ಏಕೈಕ ಕೃಪಾಪಾತ್ರರಾಗಿ ರಾಯಚೂರಿನಲ್ಲಿ ಗಂಭೀರವಾಗಿ ಓಡಾಡತೊಡಗಿದರು.

ಒಬ್ಬರಿಗೊಬ್ಬರ ಫೋಟೊ ಕಾಣದೇ ಇರುತ್ತದೆಯೇ ಎಂದು ಯಾರಿಗಾದರೂ ಅನುಮಾನ ಬರಬಹುದು. ಕಾಣುತ್ತಿತ್ತು. ವಾಟ್ಸಾಪಿನಲ್ಲಿ ಎಲ್ಲರೂ ಹಾಕುತ್ತಿದ್ದರು. ಆದರೆ ಮೀನು ದೊಡ್ಡದು ಕಾಣಲೆಂದು ತಲೆಯನ್ನು ಕ್ಯಾಮೆರಾದತ್ತ ಚಾಚಿ ಹಿಡಿಯುತ್ತಿದ್ದುದರಿಂದ ಬಾಲ ಹಿಂದೆಲ್ಲೋ ಸಣ್ಣಗೆ ಉಳಿಯುತ್ತಿತ್ತು. ಅಲ್ಲದೆ ಇನ್ನೊಬ್ಬರ ಮೀನನ್ನು ಹೆಬ್ಬೆರಳು ಒತ್ತುವುದಕ್ಕಿಂತ ಹೆಚ್ಚು ಹೊತ್ತು ನೋಡುವಷ್ಟು ದೊಡ್ಡ ಮನಸ್ಸಿನ ಗಾಳಗಾರ ಯಾವ ಹೊಳೆಯ ದಂಡೆಯಲ್ಲೂ ಇಲ್ಲ.

ಬೂದೆಪ್ಪನ ಭಾನುವಾರಗಳು ಮತ್ತೆ ತುಂಬಿದವು. ಶನಿವಾರವೂ ತುಂಬಿತು. ಕ್ಯಾಪ್ಟನ್ ಟೋಪಿ ಕೊಂಡ. ಹಣಮಮ್ಮ ಮಾತ್ರ ದಿನಾ ಸಂಜೆ ಪಂಜರದ ಹತ್ತಿರ ಕೂತು, “ಆತು ಬಿಡವ್ವಾ, ಈ ಐತವಾರ ಒಂದು” ಎಂದು ಮೀನಿಗೆ ಸಮಾಧಾನ ಹೇಳುತ್ತಿದ್ದಳು. ಬೇಸಿಗೆ ಏರಿದಂತೆ ರೋಹುವಿನ ಹೊಟ್ಟೆ ತುಂಬಿ ಬಂತು.

“ದಿನ ತುಂಬಾಕತ್ಯಾವ ಇದಕ್ಕ. ಮಳಿ ನೀರು ಬರೋದ್ರಾಗ ಬಿಡಬೇಕು. ಬಿಡ್ತೀಯೋ ಇಲ್ಲೋ?”

“ಬಿಡ್ತೀನಿ ಬೇ. ಟೋಪಿ ಸಾಲ—” ಎನ್ನಹೋಗಿ ಬೂದೆಪ್ಪ ತಲೆಯ ಮೇಲಿನ ಟೋಪಿ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.

ಅಷ್ಟರಲ್ಲಿ ಚನ್ನವೀರ ಸಾಹುಕಾರರು ಒಂದು ಭಾನುವಾರ ಸಿಹಿ ತಂದರು. ತೆಪ್ಪ ಹತ್ತುವ ಮೊದಲೇ ಬೂದೆಪ್ಪನ ಬಾಯಿಗೆ ಪೇಢಾ ತುರುಕಿ ಸುದ್ದಿ ಹೇಳಿದರು. ವೇದಿಕೆಯು ಹೊಳೆಯ ಮೀನಿನ ವೈಜ್ಞಾನಿಕ ಗಣತಿ ಮುಗಿಸಿತ್ತು. ಗಣತಿಯ ವಿಧಾನವೆಂದರೆ ಎಲ್ಲ ಸದಸ್ಯರ ಫೋಟೊಗಳನ್ನು ಕೂಡಿಸಿ ಎಣಿಸುವುದು. ನಲವತ್ತೊಂದು ತಾಯಿಮೀನುಗಳು! ಗಾಳಕ್ಕೆ ಸಿಕ್ಕದ್ದೇ ಇಷ್ಟಾದರೆ ಸಿಗದೇ ಉಳಿದವು ಎಷ್ಟಿರಬೇಕು? ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಯಿಟ್ಟರೆ?

“ಹೊಳ್ಯಾಗ ನೀರಿಗೆ ಜಾಗ ಇರಂಗಿಲ್ಲ ಬೂದೆಪ್ಪಾ! ಕಟ್ಟಳಿ ಇನ್ನ ಯಾಕ ಬೇಕು? ಮುಂದಿನ ವಾರ ಮಾನ್ವ್ಯಾಗ ಸಭಾ ಅದ. ಮೇಡಮ್ ಅವ್ರಿಗೆ ವರದಿ ಕೊಟ್ಟು ಕಟ್ಟಳಿ ತೆಗಸ್ತೀವಿ. ಆಮ್ಯಾಲ ಇಲ್ಲೇ ದೊಡ್ಡ ಸ್ಪರ್ಧಾ. ಹೈದರಾಬಾದಿನಿಂದ ಮೋಟಾರ್ ಬೋಟು ಬರ್ತಾವ. ಹಿಡದಾವ ಹಿಡದಷ್ಟು ಒಯ್ಯಬಹುದು. ನೀನೇ ಮುಖ್ಯ ಕ್ಯಾಪ್ಟನ್.”

ಬೂದೆಪ್ಪನಿಗೆ ಪೇಢಾ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆದರೂ ‘ಮುಖ್ಯ’ ಎಂಬ ಮಾತು ಕಿವಿಯೊಳಗೆ ಸಿಹಿಯಾಗಿ ಕರಗಿತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದ, ತೆಪ್ಪದಲ್ಲಿ ಆ ಮಾತು ಬರೆಸಲು ಜಾಗ ಸಾಲುತ್ತದೆಯೇ ಎಂದೂ ಕೇಳಿದ.

ಹಣಮಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೊಳ್ಯಾಗ ದೊಡ್ಡ ಮೀನು ಎಷ್ಟದಾವ?”

“ಸಾಹುಕಾರ್ರು ನಲವತ್ತೊಂದ್ ಅಂತಾರ.”

“ಸಾಹುಕಾರ್ರನ್ನ ಕೇಳಿಲ್ಲ, ನಿನ್ನ ಕೇಳಾಕತ್ತೀನಿ.”

ಬೂದೆಪ್ಪ ಬಂಡೆಯ ಕಡೆ ನೋಡಿದ.

ಹಣಮಮ್ಮನೇ ಉತ್ತರ ಹೇಳಿದಳು: “ಆ ಪಂಜರದಾಗಿಂದು ಒಂದು. ಹೊರಗ ಬೆರಳಿನಾಗ ಎಣಸುವಷ್ಟು. ಹೈದರಾಬಾದಿನವ್ರು ಬಂದ್ರ ಒಂದ ದಿನದಾಗ ಬಳದು ಒಯ್ತಾರ. ಮರುದಿನ ನಿನ್ನ ತೆಪ್ಪದಾಗ ಯಾರ್ ಕುಂದ್ರತಾರ? ಆ ಕ್ಯಾನು ಕುಂದ್ರಿಸ್ಕೊಂಡು ತಿರುಗು, ಮುಖ್ಯ ಕ್ಯಾಪ್ಟನಾ.”

“ಖರೆ ಹೇಳಿದ್ರೂ ಯಾರೂ ಬರಂಗಿಲ್ಲ ಬೇ. ಪರವಾನಗಿನೂ ಹೋಗ್ತದ.”

“ಹಂಗಾದ್ರ ಮೀನು ಉಳಿಸಿ ಹಾಳಾಗು. ಮೀನು ಕೊಂದು ಹಾಳಾಗಬ್ಯಾಡ.”

ಇಂಥ ಆಯ್ಕೆಗಳನ್ನು ಮದುವೆಗೆ ಮುಂಚೆ ಯಾರೂ ತನಗೆ ತಿಳಿಸಿರಲಿಲ್ಲವಲ್ಲ ಎಂದು ಬೂದೆಪ್ಪ ಊಟ ಮಾಡದೆ ಮಲಗಿದ.

ಮಾನ್ವಿಯ ಸಭೆಗೆ ವೇದಿಕೆಯವರು ಗೋಡೆಯಿಂದ ಗೋಡೆಯವರೆಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ನಲವತ್ತೊಂದು ಫೋಟೊಗಳು, ಒಂದೊಂದೂ ಕಿಟಕಿಯಷ್ಟು ದೊಡ್ಡವು, ಬಾಲದ ತುದಿಯವರೆಗೂ ಸ್ಪಷ್ಟ. ಸಾಹುಕಾರರದು ಮಾತ್ರ ನಡುವೆ ಬಾಗಿಲಿನಷ್ಟಿತ್ತು. ಬೂದೆಪ್ಪ ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತ. ಪಕ್ಕದಲ್ಲಿ ಹಣಮಮ್ಮ.

ಸಾಹುಕಾರರು ವರದಿ ಓದಿದರು. ಚಪ್ಪಾಳೆಯಾಯಿತು. ವಿಶಾಖಾ ಮೇಡಮ್ ಎದ್ದು ಫ್ಲೆಕ್ಸಿನ ಹತ್ತಿರ ಹೋಗಿ, ಮೊದಲ ಫೋಟೊದಿಂದ ನಿಧಾನವಾಗಿ ನೋಡುತ್ತ ಬಂದರು. ನಡುವಿನ ತನಕ ಬಂದು ತಿರುಗಿದರು.

“ಅಧ್ಯಕ್ಷರ, ಎಲ್ಲಾ ಮೀನಿನ ಬಾಲಕ್ಕೂ ಹಳದಿ ದಾರ ಯಾಕದ?”

ವೇದಿಕೆಯ ಸದಸ್ಯರೆಲ್ಲ ಎದ್ದು ಫ್ಲೆಕ್ಸಿನತ್ತ ಹೋದರು. ಪ್ರತಿಯೊಬ್ಬರೂ ಮೊದಲು ತಮ್ಮ ಫೋಟೊ ನೋಡಿಕೊಂಡರು, ಆಮೇಲೆ ಅಕ್ಕಪಕ್ಕದ್ದು. ಎಲ್ಲಾ ಒಂದೇ ಮೀನೆಂಬುದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ಯಾರ ಮೀನು ಎಂಬಲ್ಲಿ ಮಾತ್ರ ವಿಜ್ಞಾನ ಕವಲೊಡೆಯಿತು.

“ಪರ್ವೇಜ್,” ಎಂದರು ಸಾಹುಕಾರರು, “ನನ್ನ ಮೀನು ಹಿಡಕೊಂಡು ಫೋಟೊ ಹೊಡಿಸ್ಕೊಂಡೀರಿ?”

“ನಿಮ್ಮ ಮೀನಾ? ಅರೇ ವಾ! ದಾರ ನೋಡ್ರಿ. ದಾರ ನಂದು. ಗಂಗವ್ವ ನನಗ ಕೊಟ್ಟಿದ್ದು!”

“ನಿಮಗ್ಯಾಕ ಕೊಡ್ತಾಳ್ರೀ ಗಂಗವ್ವ? ನೀವು ಆಕೀ ಹಲ್ಲು ಕಿತ್ತೀರೇನು?”

“ನಾ ಬಿಟ್ಟ ಮೀನು ನೀವು ಹಿಡದ್ರ ಅದು ನಿಮ್ಮದಾಗ್ತದೇನು? ಎಂಜಲ ಮೀನು ಹಿಡಿಯವ್ರಿಗೆ ಅಧ್ಯಕ್ಷಗಿರಿ ಬ್ಯಾರೆ!”

ಗದ್ದಲದಲ್ಲಿ ಹಣಮಮ್ಮ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಬೂದೆಪ್ಪ ಎದ್ದ. ಈಜು ಬಾರದವನು ಕ್ಯಾನಿಲ್ಲದೆ ಮಡುವಿಗೆ ಇಳಿದಂತೆ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಸಾಹೇಬ್ರ, ತಪ್ಪು ನಂದು. ಅದು ನಿಮ್ಯಾರ ಮೀನೂ ಅಲ್ಲರೀ. ನಮ್ಮ ಮನಿಯಾಕಿ ಹಿಡದಿದ್ದು. ಪಂಜರದಾಗ ಇಟ್ಟಿದ್ದೆ. ನೀವು ಮಿರ್ಚಿ ತಿನ್ನುವಾಗ ಆಕಿ ನಿಮ್ಮ ಗಾಳಕ್ಕ ಸಿಗಸ್ತಿದ್ಲು. ಹೊಳ್ಯಾಗ ಅಂಥಾವು ಬಾಳ ಇಲ್ಲ. ಕಟ್ಟಳಿ ತೆಗೀಬ್ಯಾಡ್ರಿ.”

ಅಷ್ಟೂ ಸದಸ್ಯರು, ಅದೇ ಮೊದಲ ಬಾರಿಗೆ ಒಮ್ಮತದಿಂದ, ಬೂದೆಪ್ಪನ ಮೇಲೆ ತಿರುಗಿದರು.

“ಸುಮ್ನ ಕುಂದ್ರಲೇ!” ಎಂದರು ಸಾಹುಕಾರರು. “ಗಾಳಕ್ಕ ಕಚ್ಚಿದ್ದು, ಕಟ್ಟಿದ್ದು ನಮಗ ಗೊತ್ತಾಗಂಗಿಲ್ಲೇನು? ಇಪ್ಪತ್ತು ವರ್ಷದ ಅನುಭವ ಅದ.”

“ನನ್ನ ಭುಜಾ ನೋಡ್ರಿ, ಇನ್ನಾ ನೋಯ್ತದ” ಎಂದರು ಪರ್ವೇಜ್. “ಹೆಂಗಸು ಕಟ್ಟಿದ ಮೀನು ಹಿಂಗ ಜಗ್ತದೇನು?”

ಎದೆ ಬಗೆದು ಹೇಳಿದ ಸತ್ಯವನ್ನು ಒಬ್ಬರೂ ನಂಬದಿದ್ದರೆ ಮನುಷ್ಯ ಏನು ಮಾಡಬೇಕೆಂದು ಅರಕೇರಾದಲ್ಲಾಗಲಿ ಚೀಕಲಪರ್ವಿಯಲ್ಲಾಗಲಿ ಯಾರೂ ಬೂದೆಪ್ಪನಿಗೆ ಕಲಿಸಿರಲಿಲ್ಲ. ಅವನು ಕೂತ.

ವಿಶಾಖಾ ಮೇಡಮ್ ಮುಖ ಗಂಭೀರವಾಗಿಟ್ಟುಕೊಳ್ಳಲು ನೀರು ಕುಡಿದರು. “ಎಲ್ಲಾರೂ ಖರೇನೇ ಹಿಡದೀರಿ ಅಂತ ಬರಕೊಂತೀನಿ. ನನಗ ಬೇಕಾಗಿದ್ದು ಅದಲ್ಲರೀ. ಹೊಳ್ಯಾಗ ಎಷ್ಟು ಮೀನು ಅಂತ ಬರೀಲಿ?”

ಸದಸ್ಯರು ಮೂಲೆಯಲ್ಲಿ ಗುಂಪಾಗಿ ನಿಂತು ಪಿಸುಗುಟ್ಟಿದರು. ಬಹಳ ಹೊತ್ತಿನ ಮೇಲೆ ಸಾಹುಕಾರರು ಮುಂದೆ ಬಂದು ಅಂಗಿಯ ಜೇಬುಗಳನ್ನೆಲ್ಲ ಸರಿಪಡಿಸಿಕೊಂಡು ಘೋಷಿಸಿದರು:

“ಕನಿಷ್ಠ ಒಂದು.”

ಕಟ್ಟಳೆ ಉಳಿಯಿತು. ಹೈದರಾಬಾದಿನ ಮೋಟಾರ್ ಬೋಟುಗಳು ಹೈದರಾಬಾದಿನಲ್ಲೇ ಉಳಿದವು. ಹೊರಗೆ ಮೆಟ್ಟಿಲ ಹತ್ತಿರ ಮೇಡಮ್ ಗಂಡಹೆಂಡತಿಯನ್ನು ನಿಲ್ಲಿಸಿದರು. “ಇವತ್ತ ಹೊಳ್ಳಿ ಹೋದ ಕೂಡ್ಲೇ ಅದನ್ನ ಬಿಡಬೇಕು. ಇನ್ನೊಮ್ಮೆ ನೀರಾಗ ಪಂಜರ ಕಂಡ್ರ ಪರವಾನಗಿ ನಾನ ಹರದು ಹಾಕ್ತೀನಿ, ಬೂದೆಪ್ಪಾ.” ಆಮೇಲೆ ಹಣಮಮ್ಮನ ಕಡೆ ತಿರುಗಿ, “ನೀರಾಗ ಗಾಳಕ್ಕ ಹ್ಯಾಂಗ ಸಿಗಸ್ತಿದ್ದಿ ಯವ್ವಾ ಅಷ್ಟು ದೊಡ್ಡದು?” ಎಂದು ಕೇಳಿದರು. ಹಣಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳೇ ಹೊರತು ಹೇಳಲಿಲ್ಲ.

ಅಂದು ಸಂಜೆ ಪಂಜರದ ಬಾಯಿ ತೆಗೆದಾಗ ರೋಹು ಹೊರಬರಲೇ ಇಲ್ಲ. ಫೋಟೊಕ್ಕೆ ಕಾಯುತ್ತಿತ್ತೋ ಏನೋ. ಹಣಮಮ್ಮ ಕೈಹಾಕಿ ಮೆಲ್ಲಗೆ ನೂಕಿ ಹೇಳಬೇಕಾದದ್ದನ್ನು ಹೇಳಿದಳು. ಅದು ಒಮ್ಮೆ ಬಾಲ ಬಡಿದು ಮಡುವಿನ ಆಳಕ್ಕೆ ಹೋಯಿತು. ಬೂದೆಪ್ಪ ದಂಡೆಯ ಮೇಲೆ ನಿಂತು ತನ್ನ ಅನ್ನ ನೀರಿಗಿಳಿದು ಹೋದದ್ದನ್ನು ನೋಡಿದ. ಇನ್ನು ಮೀನಿನ ವಿಷಯದಲ್ಲಿ ಒಂದೂ ಸುಳ್ಳು ಹೇಳುವುದಿಲ್ಲವೆಂದು ಹೆಂಡತಿ ಅವನಿಂದ ಆಣೆ ಮಾಡಿಸಿಕೊಂಡಳು.

ಭಾನುವಾರ ಬಂತು, ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮಲ್ಲಟದ ಕಡೆ ಯಾರದೋ ಹೊಲದ ಕಾವಲಿಗೆ ಆಳು ಬೇಕಂತೆ ಎಂದು ಬೂದೆಪ್ಪ ವಿಚಾರಿಸತೊಡಗಿದ. ಅಲ್ಲಿ ನೀರಿಲ್ಲ ಎಂಬುದೊಂದೇ ಅವನಿಗಿದ್ದ ಸಮಾಧಾನ.

ಒಂದು ಸೋಮವಾರ ಬೆಳಿಗ್ಗೆ ಚನ್ನವೀರ ಸಾಹುಕಾರರು ಒಬ್ಬರೇ ಬಂದರು. ಡ್ರೈವರನನ್ನೂ ಕರೆತಂದಿರಲಿಲ್ಲ. ತೆಪ್ಪ ದಂಡೆ ಬಿಟ್ಟ ಮೇಲೆ ಕೇಳಿದರು:

“ಬೂದೆಪ್ಪಾ, ಉಳಿದವ್ರದು ಬಿಡು. ಅದನ್ನ ಮೊದಲು ಹಿಡದಾವ ನಾನಲ್ಲಾ?”

ಬೂದೆಪ್ಪ ಆಣೆಯನ್ನು ನೆನೆದ. ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದ. “ಮನಿಯಾಕಿ ಬಿಟ್ರ ಮೊದಲನೇವ್ರು ನೀವಽರೀ ಸಾಹುಕಾರ್ರ. ನಿಮಗಿಂತ ಮೊದಲು ಯಾ ಸಾಹೇಬ್ರೂ ಅದನ್ನ ಮುಟ್ಟಿಲ್ಲ.”

ಸಾಹುಕಾರರ ಮುಖ ಅರಳಿತು. ಹಾಗಾದರೆ ಆ ದಾರದ ಮೀನನ್ನು ಬಿಟ್ಟ ಹೊಳೆಯಲ್ಲೇ ಮತ್ತೊಮ್ಮೆ ಹಿಡಿದು, ಫೋಟೊ ತೆಗೆಸಿ, ಪರ್ವೇಜನ ಬಾಯಿ ಮುಚ್ಚಿಸಿಯೇ ಸಿದ್ಧ ಎಂದರು. ಸಂಜೆಯವರೆಗೆ ಕೂತರು. ಒಂದು ಹುಲ್ಲೂ ಕಚ್ಚಲಿಲ್ಲ. ಮುಂದಿನ ಸೋಮವಾರವೂ ತೆಪ್ಪ ತಮಗೇ ಎಂದು ಹೇಳಿ ಹೋದರು.

ಮಂಗಳವಾರ ಪರ್ವೇಜ್ ಸಾಹೇಬರು ಬಂದರು. ಕ್ಲಿನಿಕ್ಕಿಗೆ ರಜೆ ಹಾಕಿದ್ದರು. “ಖರೆ ಹೇಳು, ಅದು ನನ್ನ ಕೈಯಾಗ ಇದ್ದಷ್ಟು ವಜನ್ ಯಾರ ಕೈಯಾಗನೂ ಇರ್ಲಿಲ್ಲ ಹೌದಲ್ಲೋ?”

“ಹೌದ್ರೀ ಸಾಹೇಬ್ರ. ಎಲ್ಲಾರಕಿಂತ ಭಾರ ಇದ್ದಾಗ ಹಿಡದಾವ್ರು ನೀವೇ.” ಹೊಟ್ಟೆ ತುಂಬಿದ ಕೊನೆಯ ವಾರ ಬಂದವರು ಅವರೇ ಆಗಿದ್ದರಿಂದ ಇದೂ ಸುಳ್ಳಾಗಿರಲಿಲ್ಲ. ಬಂಡೆಯ ಹಿಂದೆ ಬಟ್ಟೆ ಕುಕ್ಕುವ ಸದ್ದು ಒಂದು ಕ್ಷಣ ನಿಂತು, ಮೊದಲಿಗಿಂತ ಜೋರಾಗಿ ಶುರುವಾಯಿತು.

ಹೀಗೆ ಬುಧವಾರ, ಗುರುವಾರಗಳೂ ತುಂಬಿದವು. ಮಳೆಗಾಲಕ್ಕೆ ಹೊಳೆ ಬಂದ್ ಆಗುವವರೆಗೆ ಬೂದೆಪ್ಪನಿಗೆ ಬಿಡುವಿಲ್ಲ. ಯಾರಿಗೂ ಮೀನು ಸಿಕ್ಕಿಲ್ಲ, ಸಿಕ್ಕಿಲ್ಲವಾದ್ದರಿಂದ ಯಾರೂ ಬಿಡುವ ಹಾಗೂ ಇಲ್ಲ. ಅವನಿಗಿರುವ ತಾಪತ್ರಯ ಈಗ ಒಂದೇ. ಒಬ್ಬ ಸಾಹೇಬರು ಖಾಲಿ ಕೈಯಲ್ಲಿ ಹೋಗುವುದನ್ನು ಇನ್ನೊಬ್ಬ ಸಾಹೇಬರು ನೋಡದಂತೆ ಅವರನ್ನು ಬೇರೆ ಬೇರೆ ದಾರಿಯಲ್ಲಿ ಊರಿಂದ ಹೊರಗೆ ದಾಟಿಸಬೇಕು.